ಸತ್ತ ಜೆಲ್ಲಿ ಮೀನೂ ಕುಟುಕುತ್ತದೆಯೇ?

ಪ್ರಶ್ನೆ: ದಡಕ್ಕೆ ಬಂದು ಬಿದ್ದ, ಸತ್ತ ಜೆಲ್ಲಿ ಮೀನನ್ನು ಮುಟ್ಟಿದರೂ ಕೈ ಉರಿಯುತ್ತದೆ ಎನ್ನುತ್ತಾರೆ. ಜೀವವೇ ಇಲ್ಲದ್ದು ಕುಟುಕುವುದು ಹೇಗೆ?

ಉತ್ತರ: ನಿಜ, ಉರಿಯುತ್ತದೆ. ಇಲಿಬೋನು ಹೂಡಿದವನು ಮನೆಯಲ್ಲಿ ಇಲ್ಲದಿದ್ದರೂ ಬೋನು ಬೀಳುತ್ತದಲ್ಲ, ಇದೂ ಹಾಗೆಯೇ.

ಜೆಲ್ಲಿ ಮೀನಿನ ಎಳೆಗಳ ತುಂಬ ಕುಟುಕು ಕೋಶಗಳಿವೆ. ಒಂದೊಂದರೊಳಗೂ ನೆಮಟೋಸಿಸ್ಟ್ ಎಂಬ ಪುಟ್ಟ ಡಬ್ಬಿ. ಅದರ ಗೋಡೆ ಕೊಲಾಜೆನ್ ಜಾತಿಯ ಗಟ್ಟಿ ಪ್ರೋಟೀನಿನದು. ಒಳಗೆ ಟೊಳ್ಳು ದಾರವೊಂದು ಸುರುಳಿ ಸುತ್ತಿಕೊಂಡು ಕೂತಿರುತ್ತದೆ. ಕೋಶ ಬೆಳೆಯುವಾಗಲೇ ಈ ಡಬ್ಬಿಯಲ್ಲಿ ಸುಮಾರು 150 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 150 ಪಟ್ಟು, ಒತ್ತಡ ತುಂಬಿರುತ್ತದೆ. ಚರ್ಮ ತಾಗಿದೊಡನೆ ಮುಚ್ಚಳ ಹಾರಿ, ದಾರ ಕಾಲುಚೀಲ ತಿರುವಿದಂತೆ ಒಳಮಗ್ಗುಲು ಹೊರಗಾಗುತ್ತ ಚಿಮ್ಮಿ ವಿಷ ಇಳಿಸುತ್ತದೆ. ಸಿಹಿನೀರಿನ ಸಂಬಂಧಿ ಹೈಡ್ರಾದಲ್ಲಿ 2006ರಲ್ಲಿ ಅಳೆದಾಗ, ಮೊನೆ ಹೊರಬರಲು ಹಿಡಿದದ್ದು 700 ನ್ಯಾನೊಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ!

ಬದುಕಿದ್ದಾಗ ನರಜಾಲ ಈ ಕೋಶಗಳನ್ನು ತುಸು ಹದ್ದುಬಸ್ತಿನಲ್ಲಿಡುತ್ತದೆ, ಆದರೆ ಸಿಡಿಯಲು ಅದರ ಅಪ್ಪಣೆ ಬೇಕಿಲ್ಲ. ಗ್ಲಾಕಸ್ ಎಂಬ, ಚಿಪ್ಪಿಲ್ಲದ ನೀಲಿ ಕಡಲ ಬಸವನಹುಳುವನ್ನೇ ನೋಡಿ: ಅದು ಜೆಲ್ಲಿ ಮೀನಿನ ಸಂಬಂಧಿಯಾದ ಪೋರ್ಚುಗೀಸ್ ಮ್ಯಾನ್ ಆಫ್ ವಾರ್ ಎಂಬ ಕುಟುಕು ಜೀವಿಯನ್ನು ತಿಂದು, ಸಿಡಿಯದ ಡಬ್ಬಿಗಳನ್ನು ತನ್ನ ಮೈಯ ಬೆರಳಿನಂಥ ತುದಿಗಳಲ್ಲಿ ಕೂಡಿಟ್ಟು, ತನ್ನ ರಕ್ಷಣೆಗೆ ಬಳಸುತ್ತದೆ. ಡಬ್ಬಿಯ ಒಡೆಯನೇ ಬದಲಾದರೂ ಅದು ಕೆಲಸ ಮಾಡುತ್ತದೆ.

ಚಿಕಿತ್ಸೆಯ ಗುಟ್ಟೂ ಇಲ್ಲೇ ಇದೆ. ಮೈಗೆ ಅಂಟಿದ ಎಳೆಯಲ್ಲಿ ಇನ್ನೂ ಸಿಡಿಯದ ಡಬ್ಬಿಗಳು ಬೇಕಾದಷ್ಟು ಉಳಿದಿರುತ್ತವೆ. ಉಜ್ಜಿದರೆ, ಕಾರ್ಡಿನಿಂದ ಕೆರೆದರೆ ಅವೂ ಸಿಡಿಯುತ್ತವೆ. ತಣ್ಣನೆಯ ಸಿಹಿನೀರು ಹೊಯ್ದರೂ ಅದೇ ಅಪಾಯ. ಮೂತ್ರ ಹೊಯ್ದರೆ ಗುಣವಾಗುತ್ತದೆ ಎಂಬ ಮಾತಿದೆ, ಆದರೆ ಅದರಿಂದ ಪ್ರಯೋಜನವಿಲ್ಲ. ಸಮುದ್ರದ ನೀರಿನಿಂದಲೇ ತೊಳೆಯಿರಿ, ಉಳಿದ ಎಳೆಯನ್ನು ಚಿಮುಟದಿಂದ ಎತ್ತಿ ತೆಗೆಯಿರಿ. ಆಮೇಲೆ ಸುಮಾರು 45 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 20 ನಿಮಿಷ ಅದ್ದಿಟ್ಟರೆ ನೋವು ಇಳಿಯುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ, ಕುಟುಕದ ಕೈಗೆ ತಡೆಯುವಷ್ಟೇ ಬಿಸಿ ಸಾಕು.

ವಿನೆಗರ್ ಎಲ್ಲಕ್ಕೂ ಮದ್ದಲ್ಲ. ಬಾಕ್ಸ್ ಜೆಲ್ಲಿ ಮೀನು ಕುಟುಕಿದ್ದರೆ ಮಾತ್ರ ಮೊದಲು ಕನಿಷ್ಠ 30 ಸೆಕೆಂಡು ವಿನೆಗರ್ ಸುರಿಯಬೇಕು. ಸಿಡಿಯದ ಡಬ್ಬಿಗಳು ಅಲ್ಲಿಗೇ ನಿಲ್ಲುತ್ತವೆ. ಆಗಲೇ ಒಳಹೋದ ವಿಷಕ್ಕೆ ಅದರಿಂದ ಏನೂ ಆಗದು. ಕೆಲವು ಬೇರೆ ಜಾತಿಗಳಲ್ಲಿ ಅದೇ ವಿನೆಗರ್ ಡಬ್ಬಿಗಳನ್ನು ಸಿಡಿಸುವುದೂ ಉಂಟು. ಉಸಿರಾಟ ಕಷ್ಟವಾದರೆ, ಎದೆ ಹಿಡಿದಂತಾದರೆ, ಮುಖ ಊದಿದರೆ ಇದಾವುದಕ್ಕೂ ಕಾಯದೆ ತುರ್ತು ನೆರವು ಕರೆಯಿರಿ.

ಇನ್ನೊಂದು ಮಾತು ಈಜುಡುಗೆಯದು. ಜೆಲ್ಲಿ ಮೀನಿನ ಕಣ್ಣಿಗೆ ಬೀಳದಂಥ ಮರಿಗಳು ಬಟ್ಟೆಯಲ್ಲಿ ಸಿಕ್ಕಿಕೊಂಡರೆ, ಒಣಗಿದ ಮೇಲೂ ಅವುಗಳ ಡಬ್ಬಿಗಳು ಕೆಡುವುದಿಲ್ಲ. ಮತ್ತೆ ತೊಟ್ಟು ಒದ್ದೆಯಾದಾಗ ಅದೇ ಜಾಗದಲ್ಲಿ ದದ್ದು ಏಳಬಹುದು. ಅಂಥ ಬಟ್ಟೆಯನ್ನು ಬಿಸಿನೀರು, ಸಾಬೂನು ಪುಡಿ ಹಾಕಿ ಚೆನ್ನಾಗಿ ಒಗೆದ ಮೇಲೆಯೇ ತೊಡಿ.