ಲಿಫ್ಟ್ ಅವರದು, ಹೊತ್ತು ನಮ್ಮದು

"ಸ್ಟಾಕ್ ಎಂಜಿನ್ ತಾನೇ, ಅದರಲ್ಲಿ ಕಟ್ಟೋಕೆ ಏನಿದೆ?" ಅಂತ ರೇಸ್ ಎಂಜಿನ್ ಕಟ್ಟುವ ನನ್ನನ್ನು ಬಹಳ ಜನ ಕೇಳುತ್ತಾರೆ. ಸ್ಟಾಕ್ ಅಂದರೆ ಕಾರ್ಖಾನೆಯಿಂದ ಬಂದಂಥದ್ದು. ಅಮೆರಿಕದ ಎನ್‌ಎಚ್‌ಆರ್‌ಎ ಸಂಸ್ಥೆ ನಡೆಸುವ ಡ್ರ್ಯಾಗ್ ರೇಸಿಂಗ್‌ನ (ನೇರ ಟ್ರ್ಯಾಕಿನಲ್ಲಿ ನಿಂತಲ್ಲಿಂದ ಓಡುವ ಪಂದ್ಯ) ಸ್ಟಾಕ್ ಎಲಿಮಿನೇಟರ್ ವಿಭಾಗದಲ್ಲಿ ಕಾರಿನ ತೂಕಕ್ಕೂ ಎಂಜಿನ್ನಿಗೆ ನಿಗದಿಯಾದ ಅಶ್ವಶಕ್ತಿಗೂ ಲೆಕ್ಕ ಹಾಕಿ ಕ್ಲಾಸ್ ಕೊಡುತ್ತಾರೆ. ಸಿಲಿಂಡರುಗಳ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್‌ನ ಪೋರ್ಟುಗಳನ್ನು, ಅಂದರೆ ಗಾಳಿ ಹೋಗಿಬರುವ ದಾರಿಗಳನ್ನು, ಉಜ್ಜಿ ಹಿಗ್ಗಿಸುವಂತಿಲ್ಲ. ಆ ದಾರಿಗೆ ಬಾಗಿಲಾದ ವಾಲ್ವ್ ಎಷ್ಟು ಎತ್ತರ ಏಳಬೇಕು ಎನ್ನುವುದೂ ಕಾರ್ಖಾನೆಯ ಅಳತೆಯೇ. ಆದರೂ ಎಷ್ಟೋ ಹಳೆಯ ವಿ8 (ಎಂಟು ಸಿಲಿಂಡರಿನ) ಕಾರುಗಳು ಮುಂದಿನ ಚಕ್ರ ಎತ್ತಿಕೊಂಡೇ ಹೊರಡುತ್ತವೆ.

ಮೊದಲ ಗುಟ್ಟು ವಾಲ್ವುಗಳನ್ನು ಎತ್ತುವ ಕ್ಯಾಮ್‌ನಲ್ಲಿದೆ. ನಿಯಮ ಲಿಫ್ಟನ್ನು, ಅಂದರೆ ವಾಲ್ವ್ ಏಳುವ ಎತ್ತರವನ್ನು, ಕಟ್ಟಿಹಾಕಿದೆ; ಡ್ಯೂರೇಶನ್ ಅನ್ನು, ಅಂದರೆ ಅದು ತೆರೆದಿರುವ ಹೊತ್ತನ್ನು, ಹಾಗೇ ಬಿಟ್ಟಿದೆ. ಹಾಗಾಗಿ ನಾವು ಹಾಕುವ ಕ್ಯಾಮ್‌ನ ಲೋಬ್‌ನ (ವಾಲ್ವ್ ಎತ್ತುವ ಉಬ್ಬಿನ) ಮೂತಿ ಚೂಪಲ್ಲ, ಅಗಲ. ವಾಲ್ವ್ ಥಟ್ಟನೆ ಏಳುತ್ತದೆ, ಮೇಲೆ ಹೋಗಿ ಅಲ್ಲೇ ಕೂರುತ್ತದೆ, ಥಟ್ಟನೆ ಇಳಿಯುತ್ತದೆ. ಬಾಗಿಲು ದೊಡ್ಡದು ಮಾಡಬೇಡಿ ಅಂದರೆ ಜಾಸ್ತಿ ಹೊತ್ತು ತೆರೆದಿಡೋದು, ಅಷ್ಟೇ ಅಲ್ವಾ? ಆದರೆ ಇಷ್ಟು ಜೋರಾಗಿ ಇಳಿಯುವ ವಾಲ್ವ್ ಸೀಟಿನ ಮೇಲೆ ಪುಟಿಯುತ್ತದೆ. ಅದನ್ನು ಹಿಡಿಯಲು ಗಟ್ಟಿ ಸ್ಪ್ರಿಂಗ್ ಹಾಕಿದರೆ, ಕ್ಯಾಮ್ ಕಡೆಯಿಂದ ವಾಲ್ವಿನ ಕಡೆಗೆ ತಳ್ಳುವ ಪುಶ್‌ರಾಡ್ ಕಡ್ಡಿ ಬಳುಕುತ್ತದೆ. ಸುಮ್ನೆ ಕ್ಯಾಮ್ ಬದಲಿಸಿ ಕೂರುವ ಕೆಲಸ ಅಲ್ಲ ಇದು.

ಎಲ್ಲರೂ ಕ್ಯಾಮ್ ಮಾತಾಡುತ್ತಾರೆ, ನನ್ನ ದಿನ ಹೋಗುವುದು ಸಿಲಿಂಡರ್ ಹತ್ತಿರ. ಹೆಡ್ ಬೋಲ್ಟ್ ಬಿಗಿದಾಗ ಬ್ಲಾಕಿನ ಕಬ್ಬಿಣ ಎಳೆದುಕೊಂಡು ದುಂಡಗಿನ ಬೋರ್ (ಸಿಲಿಂಡರಿನ ರಂಧ್ರ) ಕೊಂಚ ಸೊಟ್ಟಗಾಗುತ್ತದೆ. ಅದಕ್ಕೇ ಹೋನಿಂಗ್‌ಗೆ (ಬೋರಿನ ಗೋಡೆ ಉಜ್ಜಿ ಅಳತೆಗೆ ತರುವ ಕೆಲಸಕ್ಕೆ) ಮೊದಲು, ಹೆಡ್ ಇರಬೇಕಾದ ಜಾಗದಲ್ಲಿ ದಪ್ಪ ಟಾರ್ಕ್ ಪ್ಲೇಟ್ ಕೂರಿಸಿ, ರೇಸಿಗೆ ಹಾಕುವಂಥದ್ದೇ ಬೋಲ್ಟು, ಗ್ಯಾಸ್ಕೆಟ್ಟು ಬಳಸಿ ಅಷ್ಟೇ ಬಿಗಿಯುತ್ತೇನೆ. ಕೆಲಸ ಮುಗಿಸಿ ಪ್ಲೇಟ್ ತೆಗೆದು ಬೋರ್ ಗೇಜ್ ಇಳಿಸಿದರೆ ಮುಳ್ಳು ಆಚೀಚೆ ಅಲ್ಲಾಡುತ್ತದೆ. ಹೊಸ ಹುಡುಗರು ಗಾಬರಿಯಾಗುತ್ತಾರೆ. ಮತ್ತೆ ಪ್ಲೇಟ್ ಬಿಗಿಯಿರಿ, ಮುಳ್ಳು ತೆಪ್ಪಗೆ ನಿಲ್ಲುತ್ತದೆ. ಬೋರ್ ಹೀಗೆ ದುಂಡಗಿದ್ದರೆ ಗೋಡೆಯನ್ನು ಜೋರಾಗಿ ಒತ್ತದ ತೆಳು ಪಿಸ್ಟನ್ ರಿಂಗೂ ಗ್ಯಾಸ್ ಬಿಡುವುದಿಲ್ಲ. ತಿಕ್ಕಾಟದಲ್ಲಿ ಸುಟ್ಟುಹೋಗುತ್ತಿದ್ದ ಶಕ್ತಿ ಚಕ್ರಕ್ಕೆ ಸಿಗುತ್ತದೆ.

ಗೆದ್ದರೆ ಎಂಜಿನ್ ಬಿಚ್ಚಿ ತೋರಿಸಬೇಕಾಗಿ ಬರಬಹುದು. ಹೆಡ್‌ನಲ್ಲಿ ಇಂಧನ ಉರಿಯುವ ಗುಳಿಯಾದ ಕಂಬಶ್ಚನ್ ಚೇಂಬರಿಗೆ ಬ್ಯುರೆಟ್‌ನಿಂದ ದ್ರವ ಬಿಟ್ಟು ಎಷ್ಟು ಸಿಸಿ ಹಿಡಿಯಿತು ಅಂತ ನೋಡುತ್ತಾರೆ. ಜಾಗ ಚಿಕ್ಕದಾದಷ್ಟೂ ಒಳಗಿನ ಗಾಳಿ ಜಾಸ್ತಿ ಒತ್ತಿಕೊಳ್ಳುತ್ತದೆ, ಹಾಗಾಗಿ ನಿಗದಿಗಿಂತ ಕಮ್ಮಿ ಇದ್ದರೆ ಕಂಪ್ರೆಷನ್ ಕದ್ದಂತೆ. ಒಮ್ಮೆ ನಾನು ಹೆಡ್‌ನ ಅಡಿಮುಖ ಕೆತ್ತಿಸಿ ಸಮ ಮಾಡಿಸಿ, ಎಂಟರಲ್ಲಿ ಎರಡು ಚೇಂಬರ್ ಅಳೆದು, ಉಳಿದವೂ ಹೀಗೇ ಇರುತ್ತವೆ ಅಂತ ಸುಮ್ಮನಾಗಿದ್ದೆ. ಅಲ್ಲಿ ಬಿಚ್ಚಿದಾಗ ಒಂದು ಚೇಂಬರ್ ಅರ್ಧ ಸಿಸಿ ಕಮ್ಮಿ ಬಂತು. ಗೆಲುವು ಹೋಯಿತು. ಈಗ ಎಂಟನ್ನೂ ಎರಡೆರಡು ಸಲ ಅಳೆಯುತ್ತೇನೆ, ನಿಗದಿಗಿಂತ ಸ್ವಲ್ಪ ಮೇಲೇ ಬಿಡುತ್ತೇನೆ. ಅಷ್ಟು ಕಂಪ್ರೆಷನ್ ಯಾಕೆ ಬಿಟ್ಟಿರಿ ಅಂತ ಕಾರಿನವರು ಗೊಣಗುತ್ತಾರೆ. ಗೊಣಗಲಿ.