ಅಟ್ಟದ ಮೇಲೆ ಉಸಿರಾಡುವ ದ್ರಾಕ್ಷಿ

ಇಟಲಿಯ ವೆರೋನಾ ನಗರದ ಉತ್ತರಕ್ಕೆ ವಲ್ಪೊಲಿಚೆಲ್ಲಾ ಎಂಬ ಗುಡ್ಡಗಾಡು ಇದೆ. ಅಮರೋನೆ ಎಂಬ ಕೆಂಪು ವೈನ್ ಅಲ್ಲಿಯದು. ಸೆಪ್ಟೆಂಬರ್ ಹೊತ್ತಿಗೆ ಕೊಯ್ದ ಗೊಂಚಲುಗಳನ್ನು ಅದಕ್ಕಾಗಿ ಕೂಡಲೇ ಹಿಂಡುವುದಿಲ್ಲ. ಗಾಳಿಯಾಡುವ ಅಟ್ಟದಲ್ಲಿ, ಬಿದಿರಿನ ತಟ್ಟಿಗಳ ಮೇಲೋ ತಗ್ಗು ಪೆಟ್ಟಿಗೆಗಳಲ್ಲೋ ಒಂದೇ ಪದರವಾಗಿ ಹರಡಿ, ಮೂರ್ನಾಲ್ಕು ತಿಂಗಳು ಬಾಡಲು ಬಿಡುತ್ತಾರೆ. ತೊಟ್ಟು ಕಂದಾಗುತ್ತದೆ, ಸಿಪ್ಪೆ ಸುಕ್ಕುಗಟ್ಟುತ್ತದೆ, ತೂಕ ಶೇ 30ರಿಂದ 40ರಷ್ಟು ಇಳಿಯುತ್ತದೆ. ಬಾಟಲಿಯ ಬೆಲೆ ಏರುವುದಕ್ಕೆ ಇದೊಂದೇ ಕಾರಣ ಸಾಕು.

ನೀರು ಆರಿತು, ಸಕ್ಕರೆ ಉಳಿಯಿತು, ಇದರಲ್ಲೇನು ವಿಶೇಷ ಎನ್ನಬಹುದು. ವಿಶೇಷವಿರುವುದು ವೇಗದಲ್ಲಿ. ನಮ್ಮ ವಿಜಯಪುರದಲ್ಲಿ ಒಣದ್ರಾಕ್ಷಿ ಮಾಡುವವರು ಹಣ್ಣನ್ನು ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಸಿಪ್ಪೆಯ ಮೇಣ ಸಡಿಲಗೊಂಡು ನೀರು ಬೇಗ ಹೊರಬೀಳುತ್ತದೆ. ವೆರೋನಾದವರು ಮೇಣವನ್ನು ಮುಟ್ಟುವುದೇ ಇಲ್ಲ. ಹಾಗಾಗಿ ನೀರು ನಿಧಾನವಾಗಿ ಆರುತ್ತದೆ, ಬಳ್ಳಿಯಿಂದ ಬೇರ್ಪಟ್ಟ ಮೇಲೂ ಹಣ್ಣಿನ ಜೀವಕೋಶಗಳು ಉಸಿರಾಡುತ್ತಿರುತ್ತವೆ. ಅದಕ್ಕಾಗಿ ಮ್ಯಾಲಿಕ್ ಆಮ್ಲವನ್ನು ಖರ್ಚು ಮಾಡುವುದರಿಂದ ಹುಳಿಯ ಹದವೂ ಬದಲಾಗುತ್ತದೆ. ಮುಖ್ಯ ತಳಿಯಾದ ಕೊರ್ವಿನಾವನ್ನು ವೆರೋನಾ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗ, ಗಿಡ ತನ್ನ ರಕ್ಷಣೆಗೆ ಬಳಸುವ ರೆಸ್ವೆರಟ್ರಾಲ್ ಬಳಗದ ರಾಸಾಯನಿಕಗಳನ್ನು ತಯಾರಿಸುವ ಜೀನ್‌ಗಳು ಬಾಡುವ ಹಂತದಲ್ಲೇ ಚುರುಕಾಗುವುದು ಕಂಡುಬಂತು.

ನಿಧಾನಕ್ಕೆ ತೆರಬೇಕಾದ ಬೆಲೆ ಬೂಷ್ಟಿನ ಕಾಟ. ಒಂದು ಕಾಳು ಒಡೆದರೂ ಗೊಂಚಲು ಕೆಟ್ಟೀತು. ಮಂಜು ಕವಿದರೆ ಕಿಟಕಿ ಮುಚ್ಚಬೇಕು, ಒಣಗಾಳಿ ಬೀಸಿದರೆ ತೆರೆಯಬೇಕು. ಈಗ ಈ ಚಾಕರಿಗೆ ಫ್ಯಾನುಗಳೂ ತೇವ ಹೀರುವ ಯಂತ್ರಗಳೂ ಬಂದಿವೆ.

ಹಿಂಡುವ ಹೊತ್ತಿಗೆ ಚಳಿಗಾಲ. ತಣ್ಣನೆಯ, ಜೇನಿನಂಥ ರಸದಲ್ಲಿ ಯೀಸ್ಟ್ ಒದ್ದಾಡುತ್ತದೆ, ಏಕೆಂದರೆ ಸುತ್ತಲಿನ ಸಕ್ಕರೆ ಅದರ ಒಡಲಿನ ನೀರನ್ನೇ ಎಳೆಯುತ್ತದೆ. ಆ ನೀರನ್ನು ಹಿಡಿದಿಡಲು ಯೀಸ್ಟ್ ಗ್ಲಿಸರಾಲ್ ಎಂಬ ಮಂದ ದ್ರವವನ್ನು ತಯಾರಿಸಿಕೊಳ್ಳುತ್ತದೆ, ಅದರ ಒಂದು ಪಾಲು ವೈನಿಗೂ ಸೇರುತ್ತದೆ. ಸಕ್ಕರೆ ಮುಗಿಯುವ ಮೊದಲೇ ಹುದುಗು ನಿಂತರೆ ರೆಚೊತೊ ಎಂಬ ಸಿಹಿ ವೈನ್ ಸಿಗುತ್ತದೆ. ಅಮರೋನೆಗಿಂತ ಇದೇ ಹಳೆಯದು. ಆಗ ಇಟಲಿಯನ್ನು ಆಳುತ್ತಿದ್ದ ಗೋಥ್ ದೊರೆಗಳ ಮಂತ್ರಿ ಕ್ಯಾಸಿಯೊಡೋರಸ್ 6ನೇ ಶತಮಾನದಲ್ಲೇ ವೆರೋನಾ ಕಡೆಯ ಇಂಥದೊಂದು ಮದ್ಯವನ್ನು ಹೊಗಳಿದ್ದ. ಯೀಸ್ಟ್ ಪಟ್ಟು ಬಿಡದೆ ಸಕ್ಕರೆಯನ್ನೆಲ್ಲ ಹೆಚ್ಚುಕಡಿಮೆ ತಿಂದು ಮುಗಿಸಿದರೆ ಅಮರೋನೆ. ಆಲ್ಕೊಹಾಲ್ ಕನಿಷ್ಠ ಶೇ 14 ಇರಬೇಕು, ಕನಿಷ್ಠ ಎರಡು ವರ್ಷ ಮಾಗಬೇಕು ಎಂಬುದು ನಿಯಮ. 2010ರಲ್ಲಿ ಇಟಲಿ ಇದಕ್ಕೆ ಪ್ರಾದೇಶಿಕ ಮೂಲದ ಅತ್ಯುನ್ನತ ಮಾನ್ಯತೆ ಕೊಟ್ಟಿತು.

ಹಿಂಡಿ ಉಳಿದ ಸಿಪ್ಪೆಯನ್ನೂ ಅಲ್ಲಿಯವರು ಎಸೆಯುವುದಿಲ್ಲ. ಅದರ ಮೇಲೆ ಸಾದಾ ವಲ್ಪೊಲಿಚೆಲ್ಲಾ ವೈನನ್ನು ಸುರಿದು ಮತ್ತೊಮ್ಮೆ ಹುದುಗಿಸಿ, ರಿಪಾಸ್ಸೊ ಎಂಬ ಹೆಸರಿನಲ್ಲಿ ಅಮರೋನೆಗಿಂತ ಕಡಿಮೆ ಬೆಲೆಗೆ ಮಾರುತ್ತಾರೆ.