‘ಡೆಮಾನ್‌ಸ್ಟ್ರೇಟೆಡ್ ಕ್ರಾಸ್‌ವಿಂಡ್’ ಎಂದರೆ ಮಿತಿಯಲ್ಲ

ಮೂತಿ ಓರೆ ಮಾಡಿಕೊಂಡು ರನ್‌ವೇಗೆ ಇಳಿಯುವ ವಿಮಾನದ ವಿಡಿಯೊ ಬಂದಾಗಲೆಲ್ಲ ‘ಅಡ್ಡಗಾಳಿ ಮಿತಿ ಮೀರಿತ್ತು, ಪೈಲಟ್ ಇಳಿಸಬಾರದಿತ್ತು’ ಎಂಬ ತೀರ್ಪೂ ಬರುತ್ತದೆ. ಯಾವ ಮಿತಿ ಎಂದು ಕೇಳಿದರೆ ವಿಮಾನ ತಯಾರಕರ ಕೈಪಿಡಿಯಲ್ಲಿನ ‘ಡೆಮಾನ್‌ಸ್ಟ್ರೇಟೆಡ್ ಕ್ರಾಸ್‌ವಿಂಡ್’ ಅಂಕಿಯನ್ನು ತೋರಿಸುತ್ತಾರೆ.

ಅದು ತಯಾರಕರ ಪರೀಕ್ಷಾ ಪೈಲಟ್‌ಗಳು ಇಳಿಸಿ ತೋರಿಸಿದ ಅಡ್ಡಗಾಳಿ, ಅಷ್ಟೆ. ದೊಡ್ಡ ವಿಮಾನಗಳ ಪ್ರಮಾಣೀಕರಣ ನಿಯಮ ಕನಿಷ್ಠ 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ಕೇಳುತ್ತದೆ. 25ಕ್ಕಿಂತ ಹೆಚ್ಚು ತೋರಿಸಲೇಬೇಕೆಂದಿಲ್ಲ. ಪರೀಕ್ಷೆಯ ವೇಳೆ ಅದಕ್ಕಿಂತ ಜೋರು ಗಾಳಿ ಸಿಗದೆ ಹೋದರೆ ಅಂಕಿ ಅಲ್ಲಿಗೇ ನಿಲ್ಲುತ್ತದೆ. ವಿಮಾನದ ಶಕ್ತಿ ಅಲ್ಲಿಗೆ ಮುಗಿಯಿತು ಎಂದಲ್ಲ. ಅದಕ್ಕಿಂತ ಮುಂದೆ ಅದು ಹೇಗೆ ವರ್ತಿಸುತ್ತದೆಂದು ಯಾರೋ ತೋರಿಸಿದ್ದಾರೆ ಎಂದೂ ಅಲ್ಲ. ಈ ಎರಡನೆಯದನ್ನು ಮರೆಯುವವರೇ ಜಾಸ್ತಿ.

ಗೊಂದಲ ಪ್ರೇಕ್ಷಕರದ್ದು ಮಾತ್ರ ಎನ್ನುವಂತಿಲ್ಲ. 2008ರ ಮಾರ್ಚ್ 1ರಂದು ಹ್ಯಾಂಬರ್ಗ್‌ನಲ್ಲಿ ಬಿರುಗಾಳಿಯ ನಡುವೆ ಇಳಿಯುತ್ತಿದ್ದ ಏರ್‌ಬಸ್ ಎ320 ವಿಮಾನದ ಎಡ ರೆಕ್ಕೆಯ ತುದಿ ರನ್‌ವೇಗೆ ತಾಗಿತು. ಪೈಲಟ್‌ಗಳು ಮತ್ತೆ ಮೇಲೇರಿ ಬೇರೆ ರನ್‌ವೇಯಲ್ಲಿ ಇಳಿಸಿದರು. ಕೈಪಿಡಿಯಲ್ಲಿದ್ದದ್ದು 33 ನಾಟ್, ಗಾಳಿಯ ದಿಢೀರ್ ಬೀಸುಗಳು ಸೇರಿ 38. ಇದು ಮಿತಿಯೋ ಬರೀ ಮಾಹಿತಿಯೋ ಎಂಬುದನ್ನು ಕೈಪಿಡಿಗಳೇ ಸ್ಪಷ್ಟಪಡಿಸಿರಲಿಲ್ಲ ಎಂದು ಜರ್ಮನಿಯ ತನಿಖಾ ಸಂಸ್ಥೆ ಹೇಳಿತು.

ಇನ್ನೊಂದು: ನಿಯಂತ್ರಣ ಟವರ್ ಹೇಳಿದ ಗಾಳಿಯಷ್ಟೂ ಅಡ್ಡಗಾಳಿಯಲ್ಲ. 30 ನಾಟ್ ಗಾಳಿ ರನ್‌ವೇಗೆ 30 ಡಿಗ್ರಿ ಓರೆಯಾಗಿದ್ದರೆ ಅಡ್ಡಕ್ಕೆ ತಳ್ಳುವುದು 15 ನಾಟ್ ಮಾತ್ರ. ಲೆಕ್ಕ ಮಾಡದೆ ಗಾಬರಿಯಾಗುವುದೇಕೆ?

ಓರೆ ಮೂತಿಗೆ ‘ಕ್ರ್ಯಾಬ್’ ಎನ್ನುತ್ತಾರೆ, ಏಡಿಯ ನಡಿಗೆಯಿಂದ ಬಂದ ಹೆಸರು. ಗಾಳಿಯ ಕಡೆ ಮೂತಿ ತಿರುಗಿಸಿದ್ದರಿಂದಲೇ ವಿಮಾನ ರನ್‌ವೇ ನೇರಕ್ಕೆ ಸಾಗುತ್ತಿರುತ್ತದೆ. ಅದನ್ನು ‘ನಿಯಂತ್ರಣ ತಪ್ಪಿತು’ ಎನ್ನುವುದು ತಲೆಕೆಳಗಾದ ಮಾತು. ನೆಲ ಮುಟ್ಟುವ ಹೊತ್ತಿಗೆ ರಡರ್ (ಬಾಲದ ಚುಕ್ಕಾಣಿ) ಒತ್ತಿ ಮೂತಿ ನೇರ ಮಾಡಬೇಕು, ಗಾಳಿ ಕಡೆಯ ರೆಕ್ಕೆ ಏಳದಂತೆ ಏಲರಾನ್ (ರೆಕ್ಕೆಯಂಚಿನ ಚಲಿಸುವ ಫಲಕ) ಕೊಡಬೇಕು. ರೆಕ್ಕೆಯಡಿ ಎಂಜಿನ್ ತೂಗುವ ವಿಮಾನಗಳನ್ನು ಹೆಚ್ಚು ವಾಲಿಸಿದರೆ ಎಂಜಿನ್ನೇ ನೆಲಕ್ಕೆ ತಾಗೀತು. ಸಿಮ್ಯುಲೇಟರ್‌ನಲ್ಲಿ ಈ ಕೊನೆಯ ಸೆಕೆಂಡುಗಳ ಜೊತೆ, ಹೊಂದಿಕೆಯಾಗದಿದ್ದರೆ ಗೋ-ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು) ಮಾಡುವುದನ್ನೂ ಕಲಿಸುತ್ತಾರೆ.

ನಿಜವಾದ ಮಿತಿ ಬೇಕೆಂದರೆ ವಿಮಾನಯಾನ ಕಂಪನಿಯ ಕಾರ್ಯಾಚರಣೆ ಕೈಪಿಡಿ ನೋಡಿ. ರನ್‌ವೇ ಜಾರುವಂತಿದ್ದರೆ ಅಲ್ಲಿನ ಅಂಕಿ ಇಳಿಯುತ್ತದೆ, ಸಹಪೈಲಟ್ ಇಳಿಸುವುದಾದರೆ ಹಲವು ಕಂಪನಿಗಳಲ್ಲಿ ಇನ್ನೂ ಇಳಿಯುತ್ತದೆ. ಪೈಲಟ್ ಮೀರುವಂತಿಲ್ಲದ್ದು ಅದನ್ನು.